ಮುತ್ತಜ್ಜಿಯ ಮೂರೆಳೆ ಸರ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮವರೆಲ್ಲ ಹೇಳುತ್ತಾರೆ. ಸುಳ್ಳು. ಅದು ಇರೋದು ನನ್ನ ದವಡೆಯಲ್ಲಿ. ಸಿಟ್ಟು ಬಂದಾಗಲೆಲ್ಲ ಹಲ್ಲು ಕಚ್ಚಿ ಕಚ್ಚಿ ಬಲಗಡೆಯದೊಂದು ಹಲ್ಲು ಅರ್ಧ ಸವೆದಿದೆ. ಇಪ್ಪತ್ತೆಂಟು ವರ್ಷದಿಂದ ಊರವರಿಗೆಲ್ಲ ಹಲ್ಲಿನ ಸೆಟ್ ಮಾಡಿಕೊಡುವವಳ ಬಾಯಿಯ ಗತಿ ಇದು ನೋಡಿ.

ಆ ಹಲ್ಲು ಇನ್ನಷ್ಟು ಸವೆದದ್ದು ಹೋದ ತಿಂಗಳು, ದೊಡ್ಡಪ್ಪನ ಮಗನ ಮನೆಯಲ್ಲಿ. ಅವನು ಜಮೀನು ಅಳೆಯುವ ಕೆಲಸದಲ್ಲಿದ್ದವನು, ಅದಕ್ಕೇ ಎಲ್ಲರ ಬಾಯಲ್ಲೂ ಸರ್ವೆ ಅಣ್ಣ. ನಿವೃತ್ತಿಯಾದ ಮೇಲೆ ಅಳೆಯಲು ಬೇರೇನೂ ಸಿಗದೆ ನಮ್ಮ ವಂಶವನ್ನೇ ಅಳೆಯಲು ಕೂತಿದ್ದ. ಯಾರು ಯಾರ ಮಗ, ಯಾರು ಯಾವಾಗ ಹುಟ್ಟಿದ್ದು, ಯಾರು ಯಾವ ಕೆಲಸದಲ್ಲಿದ್ದದ್ದು, ಎಲ್ಲ ಸೇರಿಸಿ ಒಂದು ಪುಸ್ತಕ. ಸೋಮವಾರ ಅಚ್ಚಿಗೆ ಹೋಗುತ್ತದೆ, ಅದಕ್ಕೆ ಮುಂಚೆ ಒಮ್ಮೆ ಕಣ್ಣಾಡಿಸು ಅಂತ ಕರೆದಿದ್ದ.

ಹದಿನಾಲ್ಕನೇ ಪುಟದಲ್ಲಿ ಮುತ್ತಜ್ಜಿಯ ಫೋಟೋ ಇತ್ತು. ಅವಳದು ಅಂತ ಇರುವುದು ಅದೊಂದೇ. ಸ್ಟುಡಿಯೋದ ಕುರ್ಚಿಯಲ್ಲಿ ಸ್ವಲ್ಪ ಓರೆಯಾಗಿ ಕೂತಿದ್ದಾಳೆ, ಮೂವತ್ತು ವರ್ಷ ಇರಬೇಕು. ಹೆಗಲಿಂದ ಇಳಿದ ಶಾಲು. ಕಿವಿಯಲ್ಲಿ ಓಲೆ, ಮೂಗುಬೊಟ್ಟು, ಬಳೆ, ಉಂಗುರ, ಮತ್ತೆ ಎದೆ ತುಂಬ ಮೂರೆಳೆಯ ಬಂಗಾರದ ಸರ. ಅದರ ಕೆಳಗೆ ಅಣ್ಣ ಬರೆದಿದ್ದ: ‘ಮೂರೆಳೆ ಸರವು ಇವರ ಕೊನೆಗಾಲದಲ್ಲಿ ಆರೈಕೆ ಮಾಡುತ್ತಿದ್ದವರ ವಶದಲ್ಲಿದ್ದಾಗ ಕಾಣೆಯಾಯಿತು.’

ಆರೈಕೆ ಮಾಡುತ್ತಿದ್ದವರಂತೆ! ಎಷ್ಟು ಜನ ಇದ್ದರು? ಒಬ್ಬಳೇ ಒಬ್ಬಳು. ನನ್ನ ಸೋದರತ್ತೆ, ನನ್ನ ಅಪ್ಪನ ತಂಗಿ, ಈ ಅಣ್ಣನಿಗೂ ಅತ್ತೆಯೇ.

ಆ ಕಥೆ ನಮ್ಮ ಮನೆತನದಲ್ಲಿ ಎಲ್ಲರಿಗೂ ಬಾಯಿಪಾಠ. ಮುತ್ತಜ್ಜಿ ಕೊನೆಯ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಳು, ಮಾತೂ ನಿಂತುಹೋಗಿತ್ತು. ಹತ್ತೊಂಬತ್ತು ವರ್ಷದ ಅತ್ತೆಯೇ ಅವಳಿಗೆ ಉಣ್ಣಿಸಿ, ಮೈ ಒರೆಸಿ, ಮಗ್ಗುಲು ಬದಲಿಸಿ ನೋಡಿಕೊಂಡದ್ದು. ಪೆಟ್ಟಿಗೆಯ ಬೀಗದ ಕೈಯೂ ಅವಳ ಹತ್ತಿರವೇ ಇತ್ತು. ಮುತ್ತಜ್ಜಿ ತೀರಿಕೊಂಡ ಮೇಲೆ ನನ್ನ ತಾತ, ಅಂದರೆ ಅತ್ತೆಯ ಸ್ವಂತ ಅಪ್ಪ, ಗೋಡೆಯ ಮೇಲಿದ್ದ ಫೋಟೋ ಇಳಿಸಿ ಎದುರಿಗಿಟ್ಟುಕೊಂಡು ಅದನ್ನು ನೋಡಿ ನೋಡಿ ಪೆಟ್ಟಿಗೆಯೊಳಗಿದ್ದದ್ದನ್ನು ತಾಳೆ ಹಾಕಿದರಂತೆ. ಓಲೆ ಇತ್ತು. ಮೂಗುಬೊಟ್ಟು ಇತ್ತು. ಬಳೆ, ಉಂಗುರ ಇದ್ದವು. ಸರ ಇರಲಿಲ್ಲ. ಎಲ್ಲರೂ ತಿರುಗಿ ಅತ್ತೆಯ ಮುಖ ನೋಡಿದರು. ಅವಳು ‘ನಾನು ತೆಗೆದಿಲ್ಲ’ ಅಂತ ಒಂದೇ ಒಂದು ಸಲ ಹೇಳಿದಳಂತೆ. ಆಮೇಲೆ ಆ ವಿಷಯ ಬಂದಾಗೆಲ್ಲ ತುಟಿ ಪಿಟಕ್ಕೆನ್ನಲಿಲ್ಲ. ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ಮತ್ತೆ ಹೆಣ್ಣು ಕೇಳಿ ಬಂದವರೇ ಇಲ್ಲ. ಅಂಗಿಗಳ ಗುಂಡಿಗೆ ಕಾಜಾ ಹೊಲಿದು ಬದುಕಿದಳು. ನನಗೆ ಮೂರು ವರ್ಷವಾದಾಗ ಅಮ್ಮ ತೀರಿಕೊಂಡಳು. ಅಪ್ಪ ಲಾರಿ ಓಡಿಸುತ್ತಾ ಊರೂರು ಅಲೆಯುವವನು. ನನ್ನನ್ನು ಎತ್ತಿಕೊಂಡವಳು ಈ ಅತ್ತೆ. ಈಗ ಅವಳಿಗೆ ಎಂಬತ್ತೊಂದು.

“ಇದನ್ನ ತೆಗಿ,” ಅಂದೆ ಅಣ್ಣನಿಗೆ.

“ಹೆಸರು ಎಲ್ಲಿ ಬರೆದಿದ್ದೀನಿ?”

“ಹೆಸರು ಬರೆಯೋ ಧೈರ್ಯ ಇಲ್ಲದೇ ಹೀಗೆ ಬರೆದಿದ್ದೀಯ. ನಾಳೆ ಅವಳು ಪುಸ್ತಕ ತೆರೆದು ಇದನ್ನ ಓದಬೇಕಾ? ಈ ವಯಸ್ಸಿನಲ್ಲಿ?”

“ನೋಡು, ಇದ್ದದ್ದು ಇದ್ದ ಹಾಗೆ ಬರೀಬೇಕು. ಸರ ಇತ್ತು. ಆಮೇಲೆ ಇರಲಿಲ್ಲ. ಬೇರೆ ಏನಾದ್ರೂ ನಡೆದಿದೆ ಅಂತ ಸಾಕ್ಷಿ ತೋರಿಸು, ನನ್ನ ಕೈಯಾರೆ ಹೊಡೆದು ಹಾಕ್ತೀನಿ. ಭಾನುವಾರದವರೆಗೆ ಟೈಮ್ ಇದೆ.”

ಜಗಳದಲ್ಲಿ ನಾನು ಸೋಲುವವಳಲ್ಲ. ಅವನ ಹಾಲ್‌ನಲ್ಲಿ ನೇತುಹಾಕಿದ್ದ ಅಸಲು ಫೋಟೋವನ್ನು ಚೌಕಟ್ಟು ಸಮೇತ ಗೋಡೆಯಿಂದ ಇಳಿಸಿ, ಕಂಕುಳಲ್ಲಿ ಇರುಕಿಕೊಂಡು ಹೊರಟೆ. “ಏ, ಗಾಜು ಜೋಪಾನ!” ಅಂತ ಮೆಟ್ಟಿಲವರೆಗೂ ಬಂದ. “ಗಾಜಿಗಿಂತ ಬೇಗ ಒಡೆಯೋದು ಬೇರೆ ಇದೆ, ಅದನ್ನ ಮೊದಲು ಜೋಪಾನ ಮಾಡು,” ಅಂದುಬಿಟ್ಟು ಬಂದೆ.

ನನ್ನ ಹೊಟ್ಟೆಯಲ್ಲಿ ಇನ್ನೊಂದು ಯೋಚನೆ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಸರ ಕದ್ದವರು ಯಾರು ಅಂತ ನಾನು ಮೂವತ್ತು ವರ್ಷದ ಹಿಂದೆಯೇ ತೀರ್ಮಾನ ಮಾಡಿಕೊಂಡಿದ್ದೆ. ಈ ಸರ್ವೆ ಅಣ್ಣನ ಅಪ್ಪ, ನನ್ನ ದೊಡ್ಡಪ್ಪ. ಅವನೇ ತಾನೆ ಎಲ್ಲರಿಗಿಂತ ಹೆಚ್ಚು ಕೂಗಾಡಿದವನು? “ಆ ಸರ ನಾನೇ ಕೈಯಲ್ಲಿ ಹಿಡಿದು ನೋಡಿದ್ದೆ, ಏನು ಭಾರ ಅಂತೀರಿ!” ಅಂತ ಸಾಯುವವರೆಗೂ ಹೇಳುತ್ತಿದ್ದ. ನಮ್ಮ ಮನೆಯ ಬಂಗಾರದ ಕೆಲಸವೆಲ್ಲ ಮೂರು ತಲೆಮಾರಿನಿಂದ ಒಂದೇ ಅಂಗಡಿಯಲ್ಲಿ ಆಗುವುದು. ಸರ ಅಲ್ಲಿಗೆ ಕರಗಿಸಲು ಬಂದಿದ್ದರೆ, ತಂದವರು ಯಾರು ಅನ್ನುವುದು ಅಂಗಡಿಯವರಿಗೆ ನೆನಪಿದ್ದರೂ ಇರಬಹುದು. ಹಾಗಂತ ಆಸೆ.

ಅಕ್ಕಸಾಲಿಗರ ಅಂಗಡಿ ಇರುವುದು ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಓಣಿಯಲ್ಲಿ. ಗಿಡ್ಡ ಮೇಜು, ಅದರ ಮೇಲೆ ಇಕ್ಕಳ, ಅರ, ಗಾಜಿನ ಪೆಟ್ಟಿಗೆಯೊಳಗೆ ಸಣ್ಣ ತಕ್ಕಡಿ. ಯಜಮಾನರಿಗೆ ಎಂಬತ್ತರ ಹತ್ತಿರ. ಬಾಯಲ್ಲಿರುವುದು ನಾನು ಮಾಡಿಕೊಟ್ಟ ಹಲ್ಲು.

“ಬನ್ನಿ ಬನ್ನಿ. ಕೆಳಗಿನ ಸೆಟ್ ಕುಣೀತಾ ಇದೆಯಮ್ಮ,” ಅಂದರು, ನನ್ನ ಮುಖ ಕಂಡದ್ದೇ ತಡ.

“ನೀವು ಮಾತು ಕಡಿಮೆ ಮಾಡಿ, ಅದೂ ಸುಮ್ಮನೆ ಕೂರುತ್ತೆ.”

ನಕ್ಕರು. ಫೋಟೋ ಮುಂದಿಟ್ಟು, ಮುತ್ತಜ್ಜಿ ಮೈಮೇಲೆ ಏನೇನಿದೆ ಹೇಳಿ, ಎಲ್ಲಾದರೂ ನಿಮ್ಮ ಕೈಗೆ ಬಂದಿತ್ತಾ ನೆನಪು ಮಾಡಿಕೊಳ್ಳಿ ಅಂದೆ. ಅವರು ಕೈ ಒರೆಸಿಕೊಂಡು ಭೂತಗನ್ನಡಿ ಹಿಡಿದರು. ಕಿವಿಯಿಂದ ಶುರು ಮಾಡಿದರು.

“ಓಲೆ ಟೊಳ್ಳು. ಮೇಲೆ ಮಾತ್ರ ತೆಳು ತಗಡು.”

“ಫೋಟೋದಲ್ಲಿ ಹೇಗೆ ಗೊತ್ತಾಗುತ್ತೆ?”

“ಓಲೆ ನೋಡಬೇಡಿ, ಕಿವಿ ನೋಡಿ. ಇಷ್ಟು ದೊಡ್ಡ ಗಟ್ಟಿ ಓಲೆ ಹಾಕಿದ್ರೆ ತೂತು ಜೋತುಬಿದ್ದಿರೋದು. ಇವರ ಕಿವಿ ಹುಡುಗಿ ಕಿವಿ ಇದ್ದ ಹಾಗಿದೆ.” ಕೈಗೆ ಇಳಿದರು. “ಬಳೆ ಗಟ್ಟಿ. ಆದ್ರೆ ನೋಡಿ, ಒಂದು ಕಡೆ ಸವೆದು ದಾರದಷ್ಟಾಗಿದೆ. ರುಬ್ಬಿ, ಒಗೆದು, ಪಾತ್ರೆ ತಿಕ್ಕಿ ಸವೆಸಿದ ಬಳೆ ಇದು. ನಿಮ್ಮ ಮುತ್ತಜ್ಜಿ ಕೂತು ತಿಂದವರಲ್ಲಮ್ಮ.”

ಯಾರೂ ಅವಳ ಬಗ್ಗೆ ನನಗೆ ಇಷ್ಟು ಹೇಳಿರಲಿಲ್ಲ. ಅವಳ ಕೈ ಹೇಗಿತ್ತು ಅಂತ ಮೊದಲ ಸಲ ಯೋಚಿಸಿದೆ.

ಸರದ ಹತ್ತಿರ ಬಂದರು. ಫೋಟೋವನ್ನು ಬಾಗಿಲ ಬೆಳಕಿಗೆ ತಿರುಗಿಸಿದರು. ಗೊಣಗಿದರು. ಆಮೇಲೆ ಎದ್ದು, ಮೊಳೆಗೆ ನೇತುಹಾಕಿದ್ದ ಮೂರೆಳೆಯ ಹಿತ್ತಾಳೆ ಸರವೊಂದನ್ನು ತಂದರು. ಗಿರಾಕಿಗಳಿಗೆ ಮಾದರಿ ತೋರಿಸಲು ಇಟ್ಟುಕೊಂಡದ್ದು.

“ಹಾಕಿಕೊಳ್ಳಿ. ಈ ನನ್ನ ಶಾಲು ಹೀಗೆ ಹೊದ್ದುಕೊಳ್ಳಿ. ಅವರು ಕೂತ ಹಾಗೇ ಓರೆಯಾಗಿ ಕೂತುಕೊಳ್ಳಿ.”

“ಈ ವಯಸ್ಸಲ್ಲಿ ನನ್ನನ್ನ ಶೃಂಗಾರ ಮಾಡ್ತೀರಾ?”

“ಸುಮ್ನೆ ಕೂತ್ಕೊಳ್ಳಿ ಅಂದ್ರೆ.” ಕನ್ನಡಿ ಹಿಡಿದರು. “ಈಗ ನೋಡಿ. ಓರೆಯಾಗಿ ಕೂತಿದ್ದೀರಿ, ಸರ ಒಂದು ಕಡೆಗೆ ವಾಲಿದೆ. ಶಾಲಿನ ಮಡಿಕೆ ಬಂದಲ್ಲಿ ಏರಿ ಇಳಿದಿದೆ. ಎಳೆ ಕೂತಲ್ಲಿ ಬಟ್ಟೆ ತಗ್ಗಿದೆ. ಹೌದಾ? ಈಗ ಇವರದು ನೋಡಿ.”

ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಫೋಟೋ. ಮೂರೂ ಎಳೆ ಗೆರೆ ಎಳೆದಂತೆ ನೆಟ್ಟಗೆ ಇಳಿದಿದ್ದವು. ಶಾಲಿನ ಮಡಿಕೆ ಅಡ್ಡ ಬಂದರೂ ಏರಿರಲಿಲ್ಲ, ಇಳಿದಿರಲಿಲ್ಲ. ಬಟ್ಟೆ ಎಲ್ಲೂ ತಗ್ಗಿರಲಿಲ್ಲ.

“ತೂಕ ಇಲ್ಲದ ಬಂಗಾರ ನಾನಂತೂ ಕಂಡಿಲ್ಲ,” ಅಂದರು ಅವರು. “ಇದನ್ನ ಯಾವ ಅಕ್ಕಸಾಲಿಯೂ ಮಾಡಿಲ್ಲಮ್ಮ. ಕುಂಚದಲ್ಲಿ ಬರೆದದ್ದು. ಆ ಕಾಲದ ಸ್ಟುಡಿಯೋಗಳಲ್ಲಿ ಇದೇ ಕೆಲಸಕ್ಕೆ ಒಬ್ಬ ಇರ್ತಿದ್ದ. ಬೋಳು ತಲೆಗೆ ಕೂದಲು, ಬರೀ ಕೊರಳಿಗೆ ಸರ, ಏನು ಕೇಳಿದ್ರೂ ಬರೆದುಕೊಡೋನು. ನಮ್ಮಪ್ಪ ಅವನನ್ನ ಕಂಡ್ರೆ ಉರಿದುಬೀಳ್ತಿದ್ರು. ನಾನು ಹದಿನೈದು ದಿನ ಬಡಿದು ಮಾಡೋದನ್ನ ಆ ಕಳ್ಳ ಹದಿನೈದು ನಿಮಿಷದಲ್ಲಿ ಮುಗಿಸ್ತಾನೆ ಅಂತ.”

“ನಿಜವಾಗ್ಲೂ? ಆಣೆ ಮಾಡಿ ಹೇಳ್ತೀರಾ?”

“ಆಣೆ ಯಾಕೆ, ಗಾಜು ತೆಗೆದು ನೋಡಿ. ಬಣ್ಣ ಬಳಿದಿದ್ರೆ ಕಾಗದದ ಮೇಲೆ ಎದ್ದು ನಿಂತಿರುತ್ತೆ.”

ಅವರ ಎರಡೂ ಕೈ ಹಿಡಿದುಕೊಂಡೆ. ಬಾಯಿಂದ ಬಂದದ್ದು ಮಾತ್ರ ಹಲ್ಲಿನ ಮಾತೇ. “ನಿಮ್ಮ ಕೆಳಗಿನ ಸೆಟ್ ಹೊಸದಾಗಿ ಮಾಡಿಕೊಡ್ತೀನಿ. ಜೀವ ಇರೋವರೆಗೂ ಅಲ್ಲಾಡಬಾರದು, ಹಾಗೆ ಮಾಡ್ತೀನಿ.”

“ಹಾಗಾದ್ರೆ ಬೇಗ ಮಾಡಿಯಮ್ಮ,” ಅಂದರು ಪುಣ್ಯಾತ್ಮರು.

ಓಣಿ ದಾಟುವಷ್ಟರಲ್ಲಿ ದೊಡ್ಡಪ್ಪ ನೆನಪಾದ. ಕದಿಯಲು ಸರವೇ ಇಲ್ಲ ಅಂದಮೇಲೆ ಕಳ್ಳ ಎಲ್ಲಿಂದ ಬಂದ? ಮೂವತ್ತು ವರ್ಷ ಆ ಮನುಷ್ಯನನ್ನು ನಾನು ಮನಸ್ಸಿನಲ್ಲೇ ಕಟಕಟೆಯಲ್ಲಿ ನಿಲ್ಲಿಸಿದ್ದೆ. ಸತ್ತಾಗ ಕಣ್ಣಲ್ಲಿ ಒಂದು ಹನಿ ನೀರು ತರಲಿಲ್ಲ. ಅವನು ಭಾರ ಅಂದದ್ದೂ ಬೇಕಂತಲೇ ಹೇಳಿದ ಸುಳ್ಳಲ್ಲವೇನೋ. ಫೋಟೋ ನೋಡಿ ನೋಡಿ ಕೈಯಲ್ಲಿ ಹಿಡಿದ ಹಾಗೇ ಅನ್ನಿಸಿರಬೇಕು. ಎಲ್ಲರಿಗೂ ಹಾಗೇ, ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದಾಳೆ ಅಂತಲೇ ನಂಬಿಕೆ. ನೋಡಿದ್ದೆ ಅಂದವರೆಲ್ಲ ನೋಡಿದ್ದು ಗೋಡೆಯನ್ನೇ. ನಾಚಿಕೆಯಾಯಿತು, ರಸ್ತೆಯಲ್ಲೇ.

ನನ್ನ ಲ್ಯಾಬು ಮನೆಯ ಮುಂದಿನ ಕೋಣೆಯಲ್ಲೇ. ಅತ್ತೆ ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಸದ್ದು ಮಾಡದೆ ಚೌಕಟ್ಟಿನ ಹಿಂದಿನ ಮೊಳೆಗಳನ್ನು ಕಿತ್ತು, ಗಾಜು ಸರಿಸಿ, ಫೋಟೋ ಹೊರಗೆ ತೆಗೆದೆ. ಮೇಣದಲ್ಲಿ ಹಲ್ಲು ಕೂರಿಸುವಾಗ ಸಣ್ಣ ಉಬ್ಬು ತಗ್ಗು ಕಾಣಲು ದೀಪವನ್ನು ಮೇಲಿಂದ ಹಿಡಿಯುವುದಿಲ್ಲ, ಪಕ್ಕದಿಂದ ಅಡ್ಡಡ್ಡ ಹಿಡಿಯುತ್ತೇವೆ. ಹಾಗೇ ಹಿಡಿದೆ. ಮುಖ ನುಣುಪು. ಓಲೆ ನುಣುಪು. ಬಳೆ ನುಣುಪು. ಸರ ಮಾತ್ರ ಕಾಗದದಿಂದ ಮೇಲೆದ್ದು ನಿಂತಿತ್ತು, ಮಣಿಮಣಿಯಾಗಿ, ಒಂದೊಂದು ಮಣಿಗೂ ಕುಂಚದ ತುದಿ ಎತ್ತಿದ ಗುರುತು. ಒಂದು ಕಡೆ ಬಣ್ಣ ಸ್ವಲ್ಪ ಎದ್ದುಹೋಗಿ, ಅಡಿಯಲ್ಲಿ ಮುತ್ತಜ್ಜಿಯ ಶಾಲು ಕಾಣುತ್ತಿತ್ತು.

ಫೋನ್ ಮಾಡಿದೆ. “ಈಗಲೇ ಬಾ. ಚಪ್ಪಲಿ ಸಿಗದಿದ್ರೆ ಬರಿಗಾಲಲ್ಲೇ ಬಾ.”

ಅಣ್ಣ ಬಂದ. ಜೇಬಿನಲ್ಲಿ ಸ್ಕೇಲು ಇಲ್ಲದೆ ಅವನು ಎಲ್ಲಿಗೂ ಹೋಗುವುದಿಲ್ಲ. ಅದನ್ನು ಹೊರಗೆ ತೆಗೆದು, ಅಕ್ಕಸಾಲಿಗರು ಹೇಳಿದ್ದೆಲ್ಲ ನನ್ನ ಬಾಯಿಂದ ಕೇಳುತ್ತಾ, ದೀಪದ ಅಡ್ಡ ಬೆಳಕಿನಲ್ಲಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಸ್ಕೇಲನ್ನು ಎಲ್ಲೂ ಇಡಲಿಲ್ಲ, ಮತ್ತೆ ಜೇಬಿಗೇ ಹಾಕಿಕೊಂಡ. ಗಿರಾಕಿಗಳ ಸ್ಟೂಲಿನ ಮೇಲೆ ಕೂತ.

“ನಮ್ಮಪ್ಪ ಸಾಯೋವರೆಗೂ ಅವಳನ್ನ ಕಳ್ಳಿ ಅಂದ,” ಅಂದ. ಆಮೇಲೆ, “ನಾನೂ ಅಂದೆ.”

ಅವನನ್ನು ಹಿಡಿದು ಜಾಡಿಸಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಟ್ಟುಕೊಂಡಿದ್ದೆ. ಒಂದೂ ಹೊರಗೆ ಬರಲಿಲ್ಲ. ನಾನೂ ಅವನ ಅಪ್ಪನನ್ನು ಮನಸ್ಸಿನಲ್ಲಿ ಅದನ್ನೇ ತಾನೆ ಅಂದಿದ್ದು? ಅದನ್ನು ಅವನಿಗೆ ಹೇಳಿದೆ.

“ಅಜ್ಜಿಯ ಫೋಟೋ ಯಾಕೆ ಬಿಚ್ಚಿದ್ದೀರಿ?”

ಅತ್ತೆ ಬಾಗಿಲಲ್ಲಿ ನಿಂತಿದ್ದಳು, ನಿದ್ದೆಯ ಮುಖ, ಕೈಯಲ್ಲಿ ಕನ್ನಡಕ. ಸರದ ವಿಷಯವೇ ಅಂತ ಅವಳಿಗೆ ತಿಳಿದುಹೋಯಿತು. ಅರವತ್ತೆರಡು ವರ್ಷದಲ್ಲಿ ಆ ಫೋಟೋದ ಸುತ್ತ ಯಾರು ಸೇರಿದರೂ ಬೇರೆ ಮಾತು ಇರುತ್ತಿರಲಿಲ್ಲ. ಕನ್ನಡಕ ಹಾಕಿಕೊಳ್ಳದೆ ಹಾಗೇ ಹಿಂತಿರುಗಲು ನೋಡಿದಳು. ನಾನು ಹೋಗಿ ತಡೆದೆ. ಕುರ್ಚಿಯಲ್ಲಿ ಕೂರಿಸಿ, ಅವಳ ಬೆರಳನ್ನು ಹಿಡಿದು ಆ ಉಬ್ಬಿದ ಮಣಿಗಳ ಮೇಲೆ ಸವರಿಸಿದೆ. ಕಾಜಾ ಹೊಲಿದ ಬೆರಳು, ಅದಕ್ಕೆ ಕಣ್ಣು ಬೇಕಿಲ್ಲ.

“ಬಣ್ಣ ಅತ್ತೆ. ಬರೀ ಬಣ್ಣ. ಸ್ಟುಡಿಯೋದವನು ಬರೆದದ್ದು. ಸರ ಅನ್ನೋದು ಒಂದು ಇರಲೇ ಇಲ್ಲ.”

ಅವಳು ಬೆರಳು ತೆಗೆಯಲಿಲ್ಲ. ಇನ್ನೊಂದು ಸಲ ಸವರಿದಳು, ಮೇಲಿಂದ ಕೆಳಗೆ.

“ಇರಲೇ ಇಲ್ವಾ?”

“ಇರಲೇ ಇಲ್ಲ.”

“ಹಾಗಾದ್ರೆ ಅವತ್ತು ಹೋಗಿಲ್ವಾ?”

“ಯಾವತ್ತು?”

ಆಗ ಹೇಳಿದಳು, ನಮ್ಮಿಬ್ಬರ ಮುಖವನ್ನೂ ನೋಡದೆ. “ಒಂದು ದಿನ ಪೆಟ್ಟಿಗೆಗೆ ಬೀಗ ಹಾಕೋದು ಮರೆತೆ. ಪಕ್ಕದ ಬೀದಿ ಗೆಳತಿ ಮನೆಗೆ ಹೊಸ ಹೊಲಿಗೆ ಮಿಷನ್ ಬಂದಿತ್ತು, ನೋಡೋ ಆಸೆ. ಅರ್ಧ ಗಂಟೆ ಅಷ್ಟೇ. ವಾಪಸ್ ಬಂದು ನೋಡಿದ್ರೆ ಬೀಗ ಬಾಯಿ ತೆರೆದು ನೇತಾಡ್ತಿದೆ. ಅಜ್ಜಿ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡ್ತಿದ್ದಾಳೆ, ಮಾತಾಡೋಕಾಗಲ್ಲ. ಪೆಟ್ಟಿಗೆ ಒಳಗೆ ಒಡವೆ ಕಟ್ಟಿಟ್ಟ ಬಟ್ಟೆ ಗಂಟಿತ್ತು, ಅದನ್ನ ನಾನು ಬಿಚ್ಚಿ ನೋಡಿದವಳೇ ಅಲ್ಲ. ಆಮೇಲೆ ಸರ ಇಲ್ಲ ಅಂದಾಗ ಅವತ್ತೇ ಯಾರೋ ಬಂದು ತೆಗೆದಿದ್ದಾರೆ ಅಂದುಕೊಂಡೆ. ಕದ್ದಿಲ್ಲ ಅಂತ ಒಂದು ಸಲ ಅಂದೆ. ಇನ್ನೊಂದು ಸಲ ಹೇಳೋಕೆ ಬಾಯಿ ಬರಲಿಲ್ಲ. ನನ್ನಿಂದಲೇ ಹೋಯ್ತು ಅಂದಮೇಲೆ, ಕದ್ದರೇನು ಬಿಟ್ಟರೇನು.”

ಅಯ್ಯೋ ನನ್ನಮ್ಮಾ! ಐವತ್ತು ವರ್ಷ ಒಂದೇ ಸೂರಿನಡಿ ಇದ್ದೇನೆ, ಇದೊಂದನ್ನು ನನಗೂ ಹೇಳಿರಲಿಲ್ಲ. ಅವರು ಕಳ್ಳಿ ಅಂದದ್ದಕ್ಕೆ ಸುಮ್ಮನಿದ್ದಾಳೆ ಅಂತ ನಾನು ತಿಳಿದಿದ್ದೆ. ಅವಳು ತಾನೇ ತನಗೆ ಶಿಕ್ಷೆ ಕೊಟ್ಟುಕೊಂಡು ಕೂತಿದ್ದಳು, ಒಂದು ಹೊಲಿಗೆ ಮಿಷನ್ ನೋಡಿದ ತಪ್ಪಿಗೆ.

ಅಣ್ಣ ಎದ್ದು ಬಂದು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಅರವತ್ತೈದು ದಾಟಿದ ಮನುಷ್ಯ, ಮಂಡಿ ನೋವು ಬೇರೆ. “ತಪ್ಪಾಯ್ತು ಅತ್ತೆ. ನಂದೂ, ಅಪ್ಪಂದೂ. ಪುಸ್ತಕದಲ್ಲಿ ನಿಮ್ಮ ಬಗ್ಗೆ ಕೆಟ್ಟದಾಗಿ ಬರೆದಿದ್ದೆ. ಅದನ್ನ ತೆಗೀತೀನಿ. ಸರ ಬಣ್ಣದ್ದು ಅಂತ ಬರೀತೀನಿ. ನೀವು ಎಂಟು ತಿಂಗಳು ಅಜ್ಜಿಯನ್ನ ನೋಡಿಕೊಂಡದ್ದು ಬರೀತೀನಿ, ಹೆಸರು ಹಾಕಿ.”

“ಎದ್ದು ಮೇಲೆ ಕೂತ್ಕೊಳ್ಳೋ, ಆಮೇಲೆ ಏಳೋಕಾಗಲ್ಲ ನಿನಗೆ,” ಅಂದಳು ಅವಳು. “ಬರಿ. ಆದ್ರೆ ಅಜ್ಜಿ ಸುಳ್ಳು ಫೋಟೋ ತೆಗೆಸಿದಳು ಅನ್ನೋ ಹಾಗೆ ಬರೀಬೇಡ. ಆಸೆ ಪಟ್ಟಿರ್ತಾಳೆ, ಪಾಪ. ಪಾತ್ರೆ ತಿಕ್ಕಿ ತಿಕ್ಕಿ ಸವೆದವಳು ಒಂದು ಸರಕ್ಕೆ ಆಸೆ ಪಡಬಾರದಾ?”

ನನಗೆ ತಡೆಯಲಾಗಲಿಲ್ಲ. ಬಯ್ಯಲು ಯಾರಾದರೂ ಬೇಕಾಗಿತ್ತು, ಉಳಿದವನು ಆ ಕುಂಚದವನೊಬ್ಬನೇ. “ಅವನ ಕೈ ಸೇದಿಹೋಗ! ಹದಿನೈದು ನಿಮಿಷದ ಕೆಲಸಕ್ಕೆ ನಿನ್ನ ಬಾಳೆಲ್ಲ ಹಾಳು ಮಾಡಿದ್ನಲ್ಲ, ಅವನು—”

“ಬಾಯಿ ಮುಚ್ಚು!” ಅಂದಳು. ಇಷ್ಟು ಜೋರಾಗಿ ಅವಳು ಗದರಿದ್ದು ನನ್ನ ಶಾಲೆಯ ದಿನಗಳಲ್ಲೇ ಕೊನೆ. “ಹಾಳಾಯ್ತು ಅಂತ ನಿನಗೆ ಯಾರು ಹೇಳಿದ್ರು? ಆ ಸರ ಬರೀದೇ ಇದ್ದಿದ್ರೆ ನಾನು ಮದುವೆಯಾಗಿ ಎಲ್ಲೋ ಹೋಗಿರ್ತಿದ್ದೆ. ನಿಮ್ಮಮ್ಮ ಸತ್ತಾಗ ಬಂದು, ಎರಡು ದಿನ ಅತ್ತು, ನಿನ್ನ ತಲೆ ಸವರಿ ವಾಪಸ್ ಹೋಗಿರ್ತಿದ್ದೆ. ನೀನು ಯಾರ ಕೈತುತ್ತು ತಿಂದು ಬೆಳೀತಿದ್ದೆ? ಕಳ್ಳಿ ಅನ್ನಿಸಿಕೊಳ್ಳೋದು ನನಗೆ ಬೇಕಿರಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗಿತ್ತು, ಇಲ್ಲ ಅನ್ನಲ್ಲ. ಆದ್ರೆ ನೀನು ಬೇಕಿತ್ತು. ಅವನು ಎಲ್ಲೇ ಇರಲಿ, ಅವನಿಗೆ ಒಳ್ಳೇದಾಗಲಿ ಅನ್ನು.”

ನಾನು ಅನ್ನಲಿಲ್ಲ. ಅವನಿಗೆ ಒಳ್ಳೇದಾಗಲಿ ಅನ್ನಲು ನನ್ನಿಂದ ಈಗಲೂ ಆಗಿಲ್ಲ. ಆದರೆ ಬೇರೆ ಒಂದು ಮಾತು ಬಂತು. ಈ ಐವತ್ತು ವರ್ಷದಲ್ಲಿ ಅವಳ ಅಡುಗೆಗೆ ಉಪ್ಪು ಕಡಿಮೆ ಅಂದಿದ್ದೇನೆ, ಜಡೆ ಬಿಗಿಯಾಯಿತು ಅಂತ ಅತ್ತಿದ್ದೇನೆ, ಕಿವಿ ಮಂದವಾದ ಮೇಲೆ ಟೀವಿ ಸದ್ದು ಜಾಸ್ತಿ ಅಂತ ರೇಗಿದ್ದೇನೆ. ಇದೊಂದನ್ನು ಹೇಳಿರಲಿಲ್ಲ. ಅಣ್ಣನ ಎದುರಿಗೇ, ಅವಳ ಮಡಿಲಲ್ಲಿ ಮುಖ ಇಟ್ಟು, ಮೂಗು ಸೋರಿಸಿಕೊಂಡು ಹೇಳಿದೆ: “ಅತ್ತೆ, ನನ್ನನ್ನ ಬಿಟ್ಟು ಹೋಗದೇ ಇದ್ದದ್ದಕ್ಕೆ ನಿನ್ನ ಋಣ ನಾನು ಈ ಜನ್ಮದಲ್ಲಿ ತೀರಿಸಲಾರೆ. ನೀನು ಸಿಕ್ಕಿದ್ದು ನನ್ನ ಭಾಗ್ಯ.”

“ಆಯ್ತು, ಏಳು. ಸೀರೆಯೆಲ್ಲ ಒದ್ದೆ ಮಾಡಿದೆ,” ಅಂದಳು. ಕೈ ಮಾತ್ರ ನನ್ನ ತಲೆಯ ಮೇಲೇ ಇತ್ತು.

ಅಣ್ಣ ಹೊರಟು ನಿಂತಾಗ ಫೋಟೋ ಕೇಳಿದ, ಮತ್ತೆ ಗಾಜು ಹಾಕಿಸಬೇಕಲ್ಲ ಅಂತ. ಒಂದು ನಿಮಿಷ ತಡಿ ಅಂದಳು ಅತ್ತೆ. ಕನ್ನಡಕ ಹಾಕಿಕೊಂಡಳು. ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಹತ್ತಿರ ಒಯ್ದು, ಬೆಳಕಿಗೆ ಹಿಡಿದಳು. ಮುತ್ತಜ್ಜಿಯ ಕಣ್ಣನ್ನೇ ನೋಡುತ್ತಿದ್ದಳು. ನಾವಿಬ್ಬರೂ ಅಲ್ಲಿದ್ದದ್ದು ಅವಳಿಗೆ ಮರೆತೇಹೋಗಿತ್ತು ಅನ್ನಿಸುತ್ತದೆ, ಯಾಕೆಂದರೆ ಹತ್ತೊಂಬತ್ತು ವರ್ಷದ ಹುಡುಗಿಯ ದನಿಯಲ್ಲಿ ಮಾತಾಡಿದಳು.

“ಅಜ್ಜೀ,” ಅಂದಳು, “ನಾನು ಕಳೆದಿಲ್ವಂತೆ.”